ಬಣ್ಣಕ್ಕೆ ಅಂಟಿಸಿದ ಹೆಸರುಗಳು

ಗಡಿ ದಾಟಿದೊಡನೆ ಮನುಷ್ಯನ ‘ಜನಾಂಗ’ವೂ ಬದಲಾಗುತ್ತದೆಂದರೆ ನಂಬುವುದು ಕಷ್ಟ. ಆದರೆ ವಾಸ್ತವ ಅದುವೇ ಆಗಿದೆ. ಬ್ರಿಟನ್ನಿನಲ್ಲಿ ‘ಏಶ್ಯನ್’ ಎಂದರೆ ಮುಖ್ಯವಾಗಿ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ ಮೂಲದವರು. ಅಮೇರಿಕದಲ್ಲಿ ಅದೇ ಪದ ಮೊದಲು ಚೀನ, ಜಪಾನ್ ಮೂಲದವರನ್ನು ನೆನಪಿಸುತ್ತದೆ. ‘ಕಲರ್ಡ್’ ಎಂಬುದು ಅಮೇರಿಕದ ಕರಿಯರಿಗೆ ಅವಮಾನದ ಹಳೆಯ ಪದ. ದಕ್ಷಿಣ ಆಫ್ರಿಕದಲ್ಲಾದರೋ ಅದು ಮಿಶ್ರ ಮೂಲದವರನ್ನು ಗುರುತಿಸುವ, ಜನಗಣತಿಯಲ್ಲಿ ಇಂದಿಗೂ ಉಳಿದಿರುವ ವಿಭಾಗ.

ಇದು ಬರೇ ಭಾಷೆಯ ವೈಚಿತ್ರ್ಯವಲ್ಲ. 1950ರಲ್ಲಿ ದಕ್ಷಿಣ ಆಫ್ರಿಕದ ಬಿಳಿಯ ಸರಕಾರವು ಪ್ರತಿಯೊಬ್ಬ ಪ್ರಜೆಯ ಜನಾಂಗವನ್ನು ದಾಖಲಿಸುವ ಕಾನೂನು ತಂದಿತು. ಸಂಶಯವಿದ್ದವರ ತಲೆಗೂದಲಿಗೆ ಪೆನ್ಸಿಲ್ ಸಿಕ್ಕಿಸಿ ನೋಡಲಾಗುತ್ತಿತ್ತು. ಪೆನ್ಸಿಲ್ ಜಾರಿ ಬಿದ್ದರೆ ಒಂದು ಜನಾಂಗ, ನಿಂತರೆ ಇನ್ನೊಂದು! ಒಂದೇ ತಾಯಿಯ ಮಕ್ಕಳು ಬೇರೆ ಬೇರೆ ಜನಾಂಗಗಳಾದರು. ಕೇಪ್‌ಟೌನಿನ ಮುಸ್ಲಿಮರಲ್ಲಿ ಕೆಲವರು ‘ಮಲಯ’ರಾದರು, ಕೆಲವರು ‘ಭಾರತೀಯ’ರಾದರು. ಮಸೀದಿಯಲ್ಲಿ ಹೆಗಲಿಗೆ ಹೆಗಲು ತಾಗಿಸಿ ನಿಂತವರಿಗೆ ಕಾನೂನು ಬೇರೆ ಬೇರೆ ಬಡಾವಣೆಗಳನ್ನು ಗೊತ್ತುಪಡಿಸಿತು. 1966ರಲ್ಲಿ ಅಲ್ಲಿನ ಡಿಸ್ಟ್ರಿಕ್ಟ್ ಸಿಕ್ಸನ್ನು ಬಿಳಿಯರ ಪ್ರದೇಶವೆಂದು ಘೋಷಿಸಿ, 60 ಸಾವಿರಕ್ಕೂ ಹೆಚ್ಚು ಮಂದಿಯನ್ನು ಒಕ್ಕಲೆಬ್ಬಿಸಲಾಯಿತು. ಆ ಜನಾಂಗ ದಾಖಲಾತಿ ಕಾನೂನು ರದ್ದಾದದ್ದು 1991ರಲ್ಲಿ.

ಅಮೇರಿಕದ ಕತೆ ಇನ್ನೊಂದು ಪಾಠ ಕಲಿಸುತ್ತದೆ. ಅಲ್ಲಿನ ಸೇನೆಯಲ್ಲಿ ಸೇವೆ ಸಲ್ಲಿಸಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ ಪೌರತ್ವ ಕೋರಿದರು. ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ‘ಬಿಳಿಯ’ ಎಂಬುದು ಅವರ ವಾದ. ಜನಸಾಮಾನ್ಯರ ತಿಳುವಳಿಕೆಯಲ್ಲಿ ಭಾರತೀಯರು ಬಿಳಿಯರಲ್ಲ ಎಂದು 1923ರಲ್ಲಿ ಸುಪ್ರೀಮ್ ಕೋರ್ಟ್ ಅದನ್ನು ತಳ್ಳಿ ಹಾಕಿತು. ವಿಚಿತ್ರವೆಂದರೆ, 1970ರ ಜನಗಣತಿ ಭಾರತೀಯರನ್ನು ಬಿಳಿಯರೆಂದೇ ಎಣಿಸಿತು. 1980ರಲ್ಲಿ ಏಶ್ಯನ್ನರ ಪಟ್ಟಿಗೆ ಸೇರಿಸಿತು. ಚರ್ಮ ಅದೇ, ಬದಲಾದದ್ದು ಸರಕಾರದ ಕಾಗದ. ಆದರೆ ಥಿಂಡ್‌ರ ವಾದ ತಾರತಮ್ಯದ ಗೋಡೆಯನ್ನು ಪ್ರಶ್ನಿಸಲಿಲ್ಲ. ಗೋಡೆಯ ಒಳಗೆ ತನಗೊಂದು ಜಾಗ ಕೇಳಿತು ಎಂಬುದನ್ನು ಮರೆಯಬಾರದು.

ನಮ್ಮ ಮನೆಗಳಲ್ಲಿ ನಡೆಯುತ್ತಿರುವುದಾದರೂ ಏನು? ಬಿಜಾಪುರದ ಆದಿಲ್‌ಶಾಹಿ ಆಡಳಿತದಲ್ಲಿ ‘ಹಬ್ಶಿ’ಗಳು ವಝೀರರಾಗಿದ್ದರು, ಸೇನಾನಿಗಳಾಗಿದ್ದರು. ಅದೇ ಪದವನ್ನು ಇಂದು ಕಪ್ಪು ಮೈಬಣ್ಣದ ಮಗುವನ್ನು ಹಂಗಿಸಲು ಬಳಸಲಾಗುತ್ತಿದೆ. ಉತ್ತರ ಕನ್ನಡದ ಸಿದ್ದಿಗಳಲ್ಲಿ ಮುಸ್ಲಿಮರೂ ಇದ್ದಾರೆ. ಅವರೊಂದಿಗೆ ನೆಂಟಸ್ತನ ಬೆಳೆಸಲು ನಮ್ಮಲ್ಲಿ ಎಷ್ಟು ಮಂದಿ ಸಿದ್ಧರಿದ್ದಾರೆ? ವಧು ಹುಡುಕುವಾಗ ದೀನ್‌ಗಿಂತ ಮೊದಲು ಬಣ್ಣವನ್ನು ವಿಚಾರಿಸುವವರು ಜನಾಂಗ ದ್ವೇಷದ ವಿರುದ್ಧ ಮಾತನಾಡುವುದರಲ್ಲಿ ಅರ್ಥವಿದೆಯೇ?

ಭಾಷೆ ಮತ್ತು ಬಣ್ಣಗಳ ವೈವಿಧ್ಯವನ್ನು ಪವಿತ್ರ ಕುರ್‌ಆನ್ ಅಲ್ಲಾಹನ ದೃಷ್ಟಾಂತಗಳಲ್ಲಿ ಎಣಿಸಿದೆ. ಶ್ರೇಷ್ಠತೆಗೆ ಅದು ಇಟ್ಟ ಮಾನದಂಡ ತಕ್ವಾ ಮಾತ್ರ. ಹ. ಬಿಲಾಲ್(ರ)ರ ಅದಾನ್ ಮದೀನಾದಲ್ಲಿ ಮೊಳಗಿದ್ದು ಈ ಮಾನದಂಡದಿಂದಲೇ. ಹೆಸರಿಡುವ ಅಧಿಕಾರವನ್ನು ಸರಕಾರಗಳು ಸುಲಭದಲ್ಲಿ ಬಿಟ್ಟುಕೊಡಲಾರವು. ಆದರೆ ಮಕ್ಕಳನ್ನು ಯಾವ ಹೆಸರಿನಿಂದ ಕರೆಯಬೇಕು, ಯಾರ ಮನೆಯಿಂದ ಸೊಸೆ ತರಬೇಕು ಎಂಬುದನ್ನು ತೀರ್ಮಾನಿಸುವವರು ನಾವೇ. ಸುಧಾರಣೆ ಅಲ್ಲಿಂದ ಆರಂಭವಾಗಲಿ.