ಕುಳಿತಲ್ಲಿಯೇ ಓಡುವ ಮೋಟಾರು

ನಮ್ಮ ಓದುಗರಾದ ಗೃಹಿಣಿಯೊಬ್ಬರು ಕಳೆದ ತಿಂಗಳು ಕಾಗದ ಬರೆದು ಎರಡು ಪ್ರಶ್ನೆಗಳನ್ನು ಕೇಳಿರುವರು. ಹದಿನೇಳು ವರ್ಷದ ಅವರ ಮಗನು ಮೇಜಿಗೆ ಬಿಗಿಯುವ ಸ್ಟಿಯರಿಂಗ್ ಚಕ್ರವನ್ನೂ ಕಾಲಿನಡಿಯ ಪೆಡಲುಗಳನ್ನೂ ಕೊಡಿಸಬೇಕೆಂದು ಹಟ ಹಿಡಿದಿರುವನಂತೆ. ಕಂಪ್ಯೂಟರಿನ ಪರದೆಯ ಮೇಲೆ ಮೋಟಾರು ಪಂದ್ಯವನ್ನು ನಡೆಸುವ ಈ ಏರ್ಪಾಡಿಗೆ ಸಿಮ್ಯುಲೇಟರ್ ಎಂದು ಹೆಸರು. "ಇದು ಆಟವಲ್ಲಮ್ಮ, ನಿಜದ ಹಾಗೆಯೇ ಇರುತ್ತದೆ" ಎಂಬುದು ಮಗನ ವಾದ. "ನಿಜದ ಹಾಗೆ ಎಂದರೆ ಎಷ್ಟು ನಿಜ?" ಎಂಬುದು ತಾಯಿಯ ಮೊದಲನೆಯ ಪ್ರಶ್ನೆ. ಗೆಳೆಯನ ಮನೆಯಲ್ಲಿ ಅರ್ಧ ಗಂಟೆ ಆಡಿ ಬಂದ ದಿನ ಹುಡುಗನಿಗೆ ತಲೆ ಸುತ್ತಿ ವಾಕರಿಕೆ ಬಂದಿತಂತೆ. ಕುರ್ಚಿಯಿಂದ ಏಳದವನಿಗೆ ಪ್ರಯಾಣದ ಬಾಧೆ ಹೇಗೆ ತಗುಲಿತು ಎಂಬುದು ಎರಡನೆಯದು. ಎರಡೂ ಪ್ರಶ್ನೆಗಳು ವಿಚಾರಕ್ಕೆ ಯೋಗ್ಯವಾಗಿರುವುದರಿಂದ ಈ ತಿಂಗಳ ಪುಟವನ್ನು ಅವಕ್ಕೇ ಮೀಸಲಿಟ್ಟಿದ್ದೇವೆ.

ನೆಲ ಬಿಡದ ಯಂತ್ರದಲ್ಲಿ ಕುಳಿತು ಹಾರುವ ವಿದ್ಯೆಯನ್ನು ಕಲಿಯುವ ಉಪಾಯವು ಹೊಸದೇನೂ ಅಲ್ಲ. ಅಮೆರಿಕದ ಬಿಂಗ್‌ಹ್ಯಾಮ್ಟನ್ ಪಟ್ಟಣದ ಎಡ್ವಿನ್ ಲಿಂಕ್ ಎಂಬವನ ಮನೆತನದ ಕಸುಬು ಆರ್ಗನ್ ವಾದ್ಯಗಳನ್ನು ತಯಾರಿಸುವುದಾಗಿತ್ತು. ಆ ವಾದ್ಯಗಳ ತಿದಿಗಳನ್ನೇ ಅಳವಡಿಸಿ ಆತನು ೧೯೨೯ರಲ್ಲಿ ಒಂದು ವಿಮಾನದ ಪೆಟ್ಟಿಗೆಯನ್ನು ಕಟ್ಟಿದನು. ಒಳಗೆ ಕುಳಿತವನು ಕೋಲನ್ನೆಳೆದರೆ ತಿದಿಗಳು ಉಬ್ಬಿ ಕುಗ್ಗಿ ಪೆಟ್ಟಿಗೆಯು ವಾಲುವುದು, ಏಳುವುದು, ತಿರುಗುವುದು. ಮೊದಮೊದಲು ಅದನ್ನು ಕೊಂಡವರು ವಿನೋದೋದ್ಯಾನಗಳವರು. ೧೯೩೪ರಲ್ಲಿ ಅಂಚೆಯನ್ನು ಸಾಗಿಸಲು ಹೊರಟ ಸೈನ್ಯದ ವಿಮಾನಿಕರು ಮಂಜು ಮಳೆಗಳಲ್ಲಿ ಒಬ್ಬರ ಹಿಂದೊಬ್ಬರು ಮಡಿದಾಗ ಮಾತ್ರ ಸೈನ್ಯವು ಅದೇ ಆಟದ ಪೆಟ್ಟಿಗೆಯನ್ನು ಬೆಲೆಕೊಟ್ಟು ತರಿಸಿತು. ಎರಡನೆಯ ಮಹಾಯುದ್ಧದಲ್ಲಿ ಅಸಂಖ್ಯ ತರುಣರು ಮೊದಲು "ಹಾರಿದುದು" ಅದರಲ್ಲಿಯೇ.

ಮೋಟಾರಿಗೆ ಈ ಭಾಗ್ಯವು ತಡವಾಗಿ ಬಂದಿತು. ೧೯೮೪ರಲ್ಲಿ ಇಂಗ್ಲೆಂಡಿನ ಜೆಫ್ ಕ್ರ್ಯಾಮಂಡ್ ಎಂಬವರು "ರೆವ್ಸ್" ಎಂಬ ಆಟವನ್ನು ಬರೆದರು. ಅದು ನಡೆಯುತ್ತಿದ್ದ ಬಿಬಿಸಿ ಮೈಕ್ರೋ ಯಂತ್ರದ ಸ್ಮರಣಶಕ್ತಿಯು ಕೇವಲ ೩೨ ಕಿಲೋಬೈಟು. ಇಂದು ಮದುವೆಯ ಒಂದು ಫೋಟೋವನ್ನು ಕಳುಹಿಸಲು ಅದರ ಹಲವು ಪಟ್ಟು ಬೇಕು. ಅಷ್ಟರಲ್ಲಿಯೇ ಸಿಲ್ವರ್‌ಸ್ಟನ್ ಪಂದ್ಯದ ಹಾದಿಯನ್ನೂ ಫಾರ್ಮುಲಾ ಮೂರು ಗಾಡಿಯನ್ನೂ ಅವರು ಅಡಕಿಸಿದರು. ಚಿತ್ರವು ಒರಟು. ಆದರೆ ಅಲ್ಲಿ ಗಾಡಿಯು ಪರದೆಯ ಮೇಲೆ ಅತ್ತಿತ್ತ ಸರಿಯುವ ಬೊಂಬೆಯಾಗಿರದೆ, ಲೆಕ್ಕಕ್ಕೆ ಒಳಪಟ್ಟ ತೂಕವುಳ್ಳ ವಸ್ತುವಾಗಿತ್ತು. ಆಟಕ್ಕೂ ಅನುಕರಣಕ್ಕೂ ಇರುವ ಭೇದವೆಲ್ಲ ಇಲ್ಲಿದೆ. ಆಟದಲ್ಲಿ ತಿರುವಿನಲ್ಲಿ ಏನಾಗಬೇಕೆಂಬುದನ್ನು ಬರೆದವನು ಮೊದಲೇ ನಿಶ್ಚಯಿಸಿರುತ್ತಾನೆ. ಸಿಮ್ಯುಲೇಟರಿನಲ್ಲಿ ಏನಾಗುವುದೋ ಅದನ್ನು ಯಂತ್ರವು ಗಣಿತದಿಂದ ಕಂಡುಹಿಡಿಯಬೇಕು.

ಆ ಗಣಿತದ ಮರ್ಮವಿರುವುದು ಎಂಜಿನ್ನಿನಲ್ಲಲ್ಲ, ಟಯರಿನಲ್ಲಿ. ಒಂದೊಂದು ಟಯರೂ ನೆಲವನ್ನು ಮುಟ್ಟುವುದು ಹೆಚ್ಚು ಕಡಮೆ ಅಂಗೈಯಷ್ಟಗಲ ಮಾತ್ರ. ವೇಗವೇರುವುದು, ನಿಲ್ಲುವುದು, ತಿರುಗುವುದು ಎಲ್ಲವೂ ಈ ನಾಲ್ಕು ಅಂಗೈಗಳ ಹಿಡಿತದಿಂದಲೇ ಆಗಬೇಕು. ರಬ್ಬರಾದರೋ ಬಲು ವಿಚಿತ್ರ ಪದಾರ್ಥ. ಅದು ಹಿಡಿಯಬೇಕಾದರೆ ತುಸು ಜಾರಲೇ ಬೇಕು. ಚಕ್ರವು ಮೊಗ ಮಾಡಿದ ದಿಕ್ಕಿಗೂ ಗಾಡಿಯು ಸಾಗುವ ದಿಕ್ಕಿಗೂ ಕೆಲವು ಡಿಗ್ರಿಗಳ ಅಂತರ ಬಿದ್ದಾಗ ಹಿಡಿತವು ಪರಮಾವಧಿಗೇರುತ್ತದೆ, ಮೀರಿದರೆ ಇಳಿಯುತ್ತದೆ. ಇಷ್ಟು ಜಾರಿದರೆ ಇಷ್ಟು ಹಿಡಿತ ಎಂಬ ಲೆಕ್ಕಕ್ಕೆ ಹಾಲೆಂಡಿನ ಡೆಲ್ಫ್ಟ್ ವಿದ್ಯಾಪೀಠದ ಹಾನ್ಸ್ ಪಾಚೆಯ್ಕ ಎಂಬ ಪ್ರಾಧ್ಯಾಪಕರು ವೋಲ್ವೋ ಸಂಸ್ಥೆಯ ಎಂಜಿನಿಯರುಗಳೊಡನೆ ಕೂಡಿ ೧೯೮೭ರಲ್ಲಿ ಒಂದು ಸೂತ್ರವನ್ನು ಪ್ರಕಟಿಸಿದರು. ಅದಕ್ಕೆ "ಮಾಯಾಸೂತ್ರ" ಎಂದೇ ಹೆಸರು ನಿಂತಿತು. ಕಾರಣವೇನೆಂದರೆ, ಆ ಸೂತ್ರದ ರೂಪವು ರಬ್ಬರಿನ ಯಾವ ಗುಣಧರ್ಮದಿಂದಲೂ ಹುಟ್ಟಿದುದಲ್ಲ. ಪರೀಕ್ಷೆಯಲ್ಲಿ ಅಳೆದ ಅಂಕಿಗಳಿಗೆ ಅದು ಚೆನ್ನಾಗಿ ಹೊಂದುತ್ತದೆ, ಅಷ್ಟೆ. ಹಾಗಾದರೆ ಅಳೆಯದ ಕಡೆಗಳಲ್ಲಿ—ಟಯರು ಪೂರ್ತಿ ಅಡ್ಡ ಜಾರುವಾಗ, ಕಾದು ಮೆತ್ತಗಾದಾಗ, ಅರ್ಧ ಒದ್ದೆಯಾದ ಹಾದಿಯಲ್ಲಿ—ಅದು ಹೇಳುವುದು ಊಹೆಯೇ ಸರಿ. ಅನುಭವಿಗಳು "ಮಿತಿಯವರೆಗೆ ಸಿಮ್ಯುಲೇಟರು ನಿಜ, ಮಿತಿ ದಾಟಿದರೆ ಕಥೆ" ಎಂದು ಗೊಣಗುವುದು ಇದರಿಂದಲೇ.

ಇನ್ನೊಂದು ಸೋಜಿಗವನ್ನು ಕೇಳಿರಿ. ಈ ಯಂತ್ರಗಳಿಗೆ ಗಂಟೆಗೆ ೩೦೦ ಕಿಲೋಮೀಟರು ಓಡುವ ಗಾಡಿಯನ್ನು ತೋರಿಸುವುದಕ್ಕಿಂತ ಸುಮ್ಮನೆ ನಿಂತ ಗಾಡಿಯನ್ನು ತೋರಿಸುವುದು ಕಷ್ಟ! ಚಕ್ರದ ಅಂಚು ತಿರುಗುವ ವೇಗಕ್ಕೂ ಗಾಡಿಯು ನೆಲದ ಮೇಲೆ ಸಾಗುವ ವೇಗಕ್ಕೂ ಇರುವ ಅಂತರವನ್ನು ಗಾಡಿಯ ವೇಗದಿಂದ ಭಾಗಿಸಿದರೆ ಜಾರುವಿಕೆಯ ಪ್ರಮಾಣ ದೊರೆಯುತ್ತದೆ. ಗಾಡಿ ನಿಂತಿತೆನ್ನಿ, ಭಾಜಕವು ಸೊನ್ನೆಯಾಯಿತು. ಸೊನ್ನೆಯಿಂದ ಭಾಗಿಸಬಾರದೆಂದು ನಾವೆಲ್ಲ ಬಾಲ್ಯದಲ್ಲಿಯೇ ಕಲಿತಿದ್ದೇವೆ. ಯಂತ್ರಕ್ಕೂ ಆ ಮಾತು ಅನ್ವಯಿಸುತ್ತದೆ. ವೇಗವು ಸೊನ್ನೆಯ ಹತ್ತಿರಕ್ಕೆ ಬಂದಂತೆಲ್ಲ ಉತ್ತರವು ಹುಚ್ಚುಹುಚ್ಚಾಗಿ ಬೆಳೆದು, ಪಂದ್ಯ ಪ್ರಾರಂಭವಾಗುವುದನ್ನು ಕಾಯುತ್ತ ನಿಂತ ಗಾಡಿಯು ಚಳಿಜ್ವರ ಬಂದವರಂತೆ ನಡುಗತೊಡಗುತ್ತದೆ, ಇಲ್ಲವೆ ಇಳಿಜಾರಿನಲ್ಲಿ ಬ್ರೇಕು ಹಿಡಿದಿದ್ದರೂ ಮೆಲ್ಲಮೆಲ್ಲನೆ ತೆವಳುತ್ತದೆ. ಆದುದರಿಂದ ನಿಧಾನದ ಗತಿಗೆ ಬೇರೊಂದು ಲೆಕ್ಕವನ್ನು ಗುಟ್ಟಾಗಿ ಸೇರಿಸಿ, ಎರಡನ್ನೂ ಹೊಲಿಗೆ ಕಾಣದಂತೆ ಹೊಲಿಯಬೇಕಾಗುತ್ತದೆ.

ಕಾಲದ ತೊಡಕೂ ಒಂದುಂಟು. ನಿಜವಾದ ಜಗತ್ತಿನಲ್ಲಿ ಕಾಲವು ಎಡೆಬಿಡದೆ ಹರಿಯುತ್ತದೆ. ಯಂತ್ರವು ಅದನ್ನು ತುಂಡು ತುಂಡಾಗಿ ಕತ್ತರಿಸಿ ಎಣಿಸುತ್ತದೆ. ತೂಗುವ ತೊಟ್ಟಿಲನ್ನು ನಿಲ್ಲಿಸಬೇಕಾದ ಅಜ್ಜಿಯು ಕಣ್ಣು ಮುಚ್ಚಿಕೊಂಡು, ಆಗಾಗ ಒಂದು ಕ್ಷಣ ತೆರೆದು ನೋಡಿ, ತೊಟ್ಟಿಲು ಬರುವ ದಿಕ್ಕಿಗೆ ಎದುರಾಗಿ ಕೈಯೊತ್ತುವಳೆಂದು ಭಾವಿಸಿರಿ. ಬೇಗ ಬೇಗನೆ ಕಣ್ಣು ತೆರೆದರೆ ತೊಟ್ಟಿಲು ನಿಂತೀತು. ತಡಮಾಡಿದರೆ, ಅವಳು ಒತ್ತುವ ವೇಳೆಗೆ ತೊಟ್ಟಿಲು ಆಗಲೇ ಹಿಂದಿರುಗಿರುತ್ತದೆ. ನಿಲ್ಲಿಸುವ ಕೈಯೇ ಜೀಕುವ ಕೈಯಾಗುತ್ತದೆ. ಪಂದ್ಯದ ಗಾಡಿಯ ಸ್ಪ್ರಿಂಗುಗಳು ಬಹಳ ಬಿರುಸು. ಕಾಲದ ತುಂಡು ದೊಡ್ಡದಾದರೆ ಅವು ಹೀಗೆಯೇ ತಪ್ಪು ಹೊತ್ತಿನಲ್ಲಿ ಒತ್ತಿ, ಸಣ್ಣ ಏಣಿನ ಮೇಲೆ ಹಾಯ್ದ ಗಾಡಿಯು ಆಕಾಶಕ್ಕೆ ನೆಗೆಯುವುದುಂಟು. ಅದಕ್ಕಾಗಿ ಚಿತ್ರವನ್ನು ಸೆಕೆಂಡಿಗೆ ೬೦ ಬಾರಿ ಬರೆದರೆ ಲೆಕ್ಕವನ್ನು ೩೦೦ಕ್ಕೂ ಹೆಚ್ಚು ಬಾರಿ ಮಾಡುವ ಪದ್ಧತಿಯಿದೆ.

ಇಷ್ಟು ದುಡಿಮೆಗೆ ಯಂತ್ರದ ಶಕ್ತಿ ಸಾಲದೆ ಹೋದರೆ? ಕ್ರ್ಯಾಮಂಡರ "ಗ್ರ್ಯಾನ್ ಪ್ರಿ ೨" ಎಂಬ ೧೯೯೬ರ ಆಟದಲ್ಲಿ ಯಂತ್ರವು ಎಷ್ಟು ದಣಿದಿದೆಯೆಂಬುದನ್ನು ಶೇಕಡಾವಾರು ತೋರಿಸುವ ಏರ್ಪಾಡಿತ್ತು. ನೂರನ್ನು ದಾಟಿದರೆ ಚಿತ್ರವು ಮುಕ್ಕಾಗುತ್ತಿರಲಿಲ್ಲ. ಆಟದೊಳಗಿನ ಕಾಲವೇ ನಿಧಾನವಾಗುತ್ತಿತ್ತು. ಗೋಡೆಯ ಗಡಿಯಾರದಲ್ಲಿ ಒಂದೂವರೆ ನಿಮಿಷವಾದರೂ ಪಂದ್ಯದ ಗಡಿಯಾರದಲ್ಲಿ ಒಂದೇ ನಿಮಿಷ. ಬಡ ಯಂತ್ರದ ಒಡೆಯನಿಗೆ ತಿರುವಿಗೆ ಮುಂಚೆ ಯೋಚಿಸಲು ಹೆಚ್ಚು ವ್ಯವಧಾನ! ಬಡತನದಿಂದ ಲಾಭವಾದ ಇಂಥ ಉದಾಹರಣೆ ಲೋಕದಲ್ಲಿ ವಿರಳವೆಂದೇ ಹೇಳಬೇಕು.

ನಿಜತನದ ಹಟದಲ್ಲಿ ಎಲ್ಲರನ್ನೂ ಮೀರಿಸಿದುದು ಅಮೆರಿಕದ ಪಪೈರಸ್ ಸಂಸ್ಥೆಯು ೧೯೯೮ರಲ್ಲಿ ಹೊರಡಿಸಿದ "ಗ್ರ್ಯಾನ್ ಪ್ರಿ ಲೆಜೆಂಡ್ಸ್". ಅದರ ಮುಖ್ಯ ಕರ್ತೃ ಡೇವಿಡ್ ಕೆಮ್ಮರ್. ಅವರು ಆರಿಸಿಕೊಂಡುದು ೧೯೬೭ರ ಪಂದ್ಯಗಳನ್ನು. ಆಗಿನ ಗಾಡಿಗಳಿಗೆ ನೆಲಕ್ಕೊತ್ತುವ ರೆಕ್ಕೆಗಳಿರಲಿಲ್ಲ. ಅವು ಬಂದುದು ಮಾರನೆಯ ವರ್ಷ. ಕಿರಿದಾದ ಟಯರು, ಬಲವಾದ ಎಂಜಿನ್ನು. ಕೊಂಡವರು ಉತ್ಸಾಹದಿಂದ ಆಕ್ಸಿಲರೇಟರನ್ನು ತುಳಿದ ಕೂಡಲೇ ಗಾಡಿಯು ಬುಗುರಿಯಂತೆ ತಿರುಗಿ ಹೊಲಕ್ಕೆ ಬೀಳುತ್ತಿತ್ತು. ಮೊದಲ ತಿರುವನ್ನೇ ದಾಟಲಾರದೆ ಎಷ್ಟೋ ಜನರು ಬೇಸತ್ತರು, ಮಾರಾಟವು ನಿರೀಕ್ಷಿಸಿದಷ್ಟಾಗಲಿಲ್ಲ. ಬಿಡದೆ ಅಭ್ಯಾಸಮಾಡಿದವರಾದರೋ ಹಲವು ವರ್ಷಗಳವರೆಗೂ ಅದನ್ನು ಕೈಬಿಡಲಿಲ್ಲ.

ಆ ಗಾಡಿಯು ಅಷ್ಟು ಕಠಿನವಾಗಿ ತೋರಿದುದಕ್ಕೆ ನಿಜತನವಷ್ಟೇ ಕಾರಣವಲ್ಲ, ನಿಜತನದ ಕೊರತೆಯೂ ಕಾರಣವೆಂದು ನಮ್ಮ ಅಭಿಪ್ರಾಯ. ನಿಜವಾದ ಗಾಡಿಯ ಹಿಂಬದಿಯು ಜಾರತೊಡಗಿದರೆ ಅದು ಮೊದಲು ತಿಳಿಯುವುದು ಕಣ್ಣಿಗಲ್ಲ. ಆಸನಕ್ಕೊತ್ತಿದ ಬೆನ್ನಿಗೂ ಒಳಗಿವಿಯ ಸಮತೋಲದ ಅಂಗಕ್ಕೂ ಮೊದಲು ಸುದ್ದಿ ಮುಟ್ಟುತ್ತದೆ. ಪರದೆಯ ಮುಂದೆ ಕುಳಿತವನಿಗೆ ಆ ಸುದ್ದಿಗಾರರಿಬ್ಬರೂ ಇಲ್ಲ. ಚಿತ್ರವು ಓರೆಯಾದ ಮೇಲೆಯೇ ಅವನಿಗೆ ಅರಿವು. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಕೈಯ ಚಕ್ರಕ್ಕೆ ಮೋಟಾರನ್ನು ಜೋಡಿಸಿ, ಟಯರಿನ ಎಳೆತವನ್ನು ಬೆರಳುಗಳಿಗೆ ಮುಟ್ಟಿಸುವ ಸಾಧನವು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದೆ. ಸ್ವಲ್ಪಮಟ್ಟಿಗೆ ಮಾತ್ರ.

ದೂರದವರೊಡನೆ ಸ್ಪರ್ಧಿಸುವಾಗ ಮತ್ತೊಂದು ಪೇಚು. ಗಾಜಿನ ತಂತಿಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರು ಸಾಗುವುದು. ಬೆಂಗಳೂರಿನಿಂದ ಲಂಡನ್ನಿಗೆ ನೇರವಾಗಿ ಅಳೆದರೂ ೮,೦೦೦ ಕಿಲೋಮೀಟರು. ಅಂದರೆ ಸುದ್ದಿ ಮುಟ್ಟಲು ಸೆಕೆಂಡಿನ ಇಪ್ಪತ್ತೈದನೆಯ ಒಂದು ಭಾಗವಾದರೂ ಬೇಕು. ತಂತಿಯು ಸುತ್ತಿ ಬರುವುದರಿಂದಲೂ ನಡುವಣ ಠಾಣೆಗಳಲ್ಲಿ ತಂಗುವುದರಿಂದಲೂ ಅದು ಹತ್ತನೆಯ ಒಂದು ಭಾಗಕ್ಕೆ ಏರುವುದು ಸುಲಭ. ಗಂಟೆಗೆ ೨೦೦ ಕಿಲೋಮೀಟರು ಓಡುವ ಗಾಡಿಯು ಅಷ್ಟರಲ್ಲಿ ಐದೂವರೆ ಮೀಟರು, ಅಂದರೆ ತನ್ನ ಉದ್ದಕ್ಕಿಂತ ಹೆಚ್ಚು, ಮುಂದೆ ಹೋಗಿರುತ್ತದೆ. ಹೀಗಾಗಿ ಪಕ್ಕದಲ್ಲಿ ಕಾಣುವ ಎದುರಾಳಿಯು ನಿಜವಾಗಿ ಯಂತ್ರದ ಊಹೆ. ಊಹೆ ತಪ್ಪಿದಾಗ ಒಬ್ಬನ ಪರದೆಯಲ್ಲಿ ಎರಡು ಗಾಡಿಗಳ ನಡುವೆ ಮೊಳದಷ್ಟು ಜಾಗವಿರುತ್ತದೆ. ಇನ್ನೊಬ್ಬನ ಪರದೆಯಲ್ಲಿ ಡಿಕ್ಕಿಯಾಗಿರುತ್ತದೆ. ಇಬ್ಬರೂ ಸತ್ಯವನ್ನೇ ನುಡಿಯುತ್ತಾರೆ, ಇಬ್ಬರೂ ಜಗಳವಾಡುತ್ತಾರೆ.

ಜಗದ್ವಿಜೇತರಿಗೂ ಈ ಬಾಧೆ ತಪ್ಪಿದುದಲ್ಲ. ೨೦೨೩ರ ಜನವರಿಯಲ್ಲಿ ನಡೆದ ಲ ಮಾನ್ ೨೪ ಗಂಟೆಗಳ ಪರದೆಯ ಪಂದ್ಯವನ್ನು ಸರ್ವರಿನ ತೊಂದರೆಯಿಂದ ಎರಡು ಬಾರಿ ನಿಲ್ಲಿಸಬೇಕಾಯಿತು. ಮುಂದಾಳಾಗಿದ್ದ ಮ್ಯಾಕ್ಸ್ ವರ್ಸ್ಟಾಪನ್ನರ ಗಾಡಿಯು ಸಂಪರ್ಕ ಕಡಿದು ಹಿಂದೆ ಬಿದ್ದಿತು. ಆಗಲೇ ಎರಡು ಸಲ ಫಾರ್ಮುಲಾ ಒಂದರ ವಿಶ್ವವಿಜೇತರಾಗಿದ್ದ ಅವರು ಕಟುವಾಗಿ ಮಾತನಾಡಿ ಪಂದ್ಯದಿಂದಲೇ ಹೊರಬಂದರು. ನಿಜವಾದ ಲ ಮಾನಿನಲ್ಲಿ ಎಂಜಿನ್ನು ಒಡೆಯುವುದುಂಟು, ಟಯರು ಸಿಡಿಯುವುದುಂಟು. ಹಾದಿಯೇ ಮಾಯವಾಗುವುದು ಇಲ್ಲ.

ಇಷ್ಟೆಲ್ಲ ದೋಷಗಳಿದ್ದರೂ ಈ ವಿದ್ಯೆ ಪೊಳ್ಳೆಂದು ಹೇಳುವಂತಿಲ್ಲ. ೨೦೦೯ರಲ್ಲಿ ಫಾರ್ಮುಲಾ ಒಂದರ ತಂಡಗಳಿಗೆ ಋತುವಿನ ನಡುವೆ ಪರೀಕ್ಷಾ ಓಟಗಳು ನಿಷಿದ್ಧವಾದ ಮೇಲೆ ಅವರೆಲ್ಲ ಸಿಮ್ಯುಲೇಟರನ್ನೇ ಹೆಚ್ಚಾಗಿ ನೆಚ್ಚಿದರು. ಮನೆಯ ಆಟದಿಂದ ಪಂದ್ಯದ ಕಣಕ್ಕೆ ಹೋದವರೂ ಉಂಟು. "ಗ್ರ್ಯಾನ್ ಟೂರಿಸ್ಮೋ" ಆಟದಲ್ಲಿ ಗೆದ್ದವರನ್ನು ನಿಜವಾದ ಗಾಡಿಗೆ ಹತ್ತಿಸುವ ಜಿಟಿ ಅಕಾಡೆಮಿ ಎಂಬ ಸ್ಪರ್ಧೆಯು ೨೦೦೮ರಲ್ಲಿ ಆರಂಭವಾಯಿತು. ೨೦೧೧ರಲ್ಲಿ ಅದನ್ನು ಗೆದ್ದ ಬ್ರಿಟನ್ನಿನ ಯಾನ್ ಮಾರ್ಡನ್‌ಬರೋ ಎಂಬ ತರುಣನು ೨೦೧೩ರ ಲ ಮಾನಿನಲ್ಲಿ ತನ್ನ ವರ್ಗದಲ್ಲಿ ಮೂರನೆಯ ಸ್ಥಾನವನ್ನು ಪಡೆದನು.

ಅದೇ ತರುಣನ ಇನ್ನೊಂದು ಪ್ರಸಂಗವನ್ನೂ ಆ ತಾಯಿಯವರು ತಿಳಿದಿರುವುದು ಒಳ್ಳೆಯದು. ಜರ್ಮನಿಯ ನ್ಯೂರ್ಬರ್ಗ್‌ರಿಂಗ್ ಹಾದಿಯಲ್ಲಿ ಫ್ಲೂಗ್‌ಪ್ಲಾಟ್ಸ್ ಎಂಬ ಏರು ಇದೆ. ಆ ಮಾತಿಗೆ ವಿಮಾನ ನಿಲ್ದಾಣವೆಂದೇ ಅರ್ಥ. ೨೦೧೫ರ ಮಾರ್ಚಿಯಲ್ಲಿ ಅಲ್ಲಿ ಅವನ ಗಾಡಿಯ ಮೂತಿ ಮೇಲೆದ್ದು, ಗಾಡಿಯು ಗಾಳಿಗೆ ಹಾರಿ ಬೇಲಿಯನ್ನು ದಾಟಿತು. ಅವನು ಬದುಕಿದನು, ನೋಡಲು ಬಂದಿದ್ದ ಒಬ್ಬ ಪ್ರೇಕ್ಷಕನು ಮಡಿದನು. ಆಟದಲ್ಲಿ ಬೇಲಿಯಾಚೆ ನಿಂತಿರುವವರು ಬಣ್ಣದ ಚುಕ್ಕೆಗಳು. ಮೇಲೆ ಹೇಳಿದ ೧೯೬೭ರ ಮೇ ತಿಂಗಳಿನಲ್ಲಿಯೇ ಮೊನಾಕೋ ಪಂದ್ಯದಲ್ಲಿ ಲೊರೆಂಜೊ ಬಂದಿನಿಯ ಗಾಡಿಯು ಬಡಿದು ಉರಿದು, ಮೂರು ದಿನ ನರಳಿ ಆತನು ತೀರಿಕೊಂಡನು. ಆ ವರ್ಷದ ಪ್ರತಿಯೊಂದು ಗಾಡಿಯ ಗುಣವನ್ನೂ ಅಷ್ಟು ನಿಷ್ಠೆಯಿಂದ ಲೆಕ್ಕಹಾಕಿದ ಆಟದಲ್ಲಿ ಗಾಡಿ ಚೂರಾದರೆ ಒಂದು ಗುಂಡಿಯೊತ್ತಿ ಮರಳಿ ಹೊರಡಬಹುದು. ಹಾಗಿರಬೇಕಾದುದೇ ನ್ಯಾಯ. ಆದರೆ ಭಯವಿಲ್ಲದೆ ಕಲಿತ ಕೈಯು ರಸ್ತೆಯ ಮೇಲೆ ಹೇಗೆ ನಡೆದುಕೊಂಡೀತೆಂಬುದನ್ನು ಆ ಲೆಕ್ಕವು ಹೇಳಲಾರದು.

ಆದುದರಿಂದ ತಾಯಿಯವರಿಗೆ ನಮ್ಮ ಉತ್ತರವಿದು: ಕೊಡಿಸಬಹುದು. ತಿರುವಿಗೆ ಮುಂಚೆಯೇ ವೇಗವಿಳಿಸುವುದು, ದೂರಕ್ಕೆ ದೃಷ್ಟಿಯಿಡುವುದು, ಜಾರಿದಾಗ ಗಾಬರಿಯಾಗದೆ ಚಕ್ರವನ್ನು ತಿರುಗಿಸುವುದು, ಇವನ್ನು ಹುಡುಗನು ಕಲಿತಾನು. ಅಡ್ಡಬರುವ ಎಮ್ಮೆ, ಚೆಂಡಿನ ಹಿಂದೆ ಓಡುವ ಮಗು, ದೀಪವಿಲ್ಲದ ಎತ್ತಿನ ಗಾಡಿ, ಇವನ್ನು ಕಲಿಯನು. ಹದಿನೆಂಟು ತುಂಬುವವರೆಗೆ ಕಾರಿನ ಲೈಸೆನ್ಸು ಹೇಗೂ ದೊರೆಯದು. ಪರದೆಯ ಮೇಲೆ ಗೆದ್ದನೆಂದು ಮನೆಯ ಕಾರಿನ ಕೀಲಿಕೈಯನ್ನು ಅವನ ಕೈಗೆ ಕೊಡಬೇಡಿರಿ. ಹಣವು ಮಿತವಾಗಿದ್ದರೆ ಚಕ್ರಕ್ಕಿಂತ ಪೆಡಲಿಗೆ ಹೆಚ್ಚು ವೆಚ್ಚಮಾಡುವುದು ಲೇಸು. ಕಾಲು ಎಷ್ಟು ದೂರ ಇಳಿಯಿತೆಂಬುದನ್ನಲ್ಲದೆ ಎಷ್ಟು ಬಲವಾಗಿ ಒತ್ತಿತೆಂಬುದನ್ನು ಅಳೆಯುವ ಬ್ರೇಕು ನಿಜವಾದ ಗಾಡಿಯದಕ್ಕೆ ಹತ್ತಿರವಾದುದು.

ಇನ್ನು ವಾಕರಿಕೆ. ಬಸ್ಸಿನಲ್ಲಿ ಪುಸ್ತಕ ಓದುವವನಿಗೆ ಒಳಗಿವಿಯು "ಚಲಿಸುತ್ತಿದ್ದೇವೆ" ಎನ್ನುತ್ತದೆ, ಕಣ್ಣು "ಇಲ್ಲ" ಎನ್ನುತ್ತದೆ. ಇಲ್ಲಿ ಅದೇ ವಿರಸವು ತಿರುವುಮುರುವಾಗಿದೆ: ಕಣ್ಣು ಓಡುತ್ತದೆ, ಕಿವಿ ಕುಳಿತಿರುತ್ತದೆ. ಚಿತ್ರವು ತಡೆತಡೆದು ಬಂದರೆ ಬಾಧೆ ಹೆಚ್ಚು. ಆದಕಾರಣ ಚಿತ್ರದ ಅಂದವನ್ನು ತಗ್ಗಿಸಿಯಾದರೂ ಅದು ಸರಾಗವಾಗಿ ಓಡುವಂತೆ ಮಾಡಬೇಕು. ಪರದೆಯಲ್ಲಿ ಕಾಣುವ ನೋಟದ ಅಗಲವನ್ನು ಪರದೆಯ ಅಳತೆಗೂ ಕಣ್ಣಿನಿಂದ ಅದಕ್ಕಿರುವ ದೂರಕ್ಕೂ ಸರಿಯಾಗಿ ಹೊಂದಿಸಿಕೊಳ್ಳಬೇಕು. ಬಹುಮಂದಿ ಇದನ್ನು ಅಲಕ್ಷಿಸುತ್ತಾರೆ. ಮೊದಲ ವಾರ ಒಂದು ಸಲಕ್ಕೆ ಹತ್ತು ನಿಮಿಷ ಸಾಕು. ಮುಖಕ್ಕೆ ಗಾಳಿ ಬರುವಂತೆ ಫ್ಯಾನಿಟ್ಟರೆ ಹಾಯೆನಿಸುತ್ತದೆ. ತಲೆ ಸುತ್ತಿದೊಡನೆ ಏಳಬೇಕು. "ಈ ಒಂದು ಸುತ್ತು ಮುಗಿಸಿ ಏಳುತ್ತೇನೆ" ಎಂದರೆ ಕೇಳಬಾರದು. ಊಟವಾದ ಕೂಡಲೇ ಅವನನ್ನು ಅದರ ಮುಂದೆ ಕೂರಗೊಡಬೇಡಿರಿ.