ಲಕ್ಕಮ್ಮನವರ ಪ್ರಶ್ನೆಯೂ ಚಾಕೊಲೇಟಿನ ಲಾಂಛನವೂ



ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ಪ್ರಸಂಗ ನಮಗೆಲ್ಲ ಗೊತ್ತಿರುವುದೇ. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದವರು ಅವರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಬಂದಾಗ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ತಂದಲ್ಲಿಗೇ ಹಾಕಿ ಬರಲು ಹೇಳಿದರು. ಅದು ಕದ್ದ ಅಕ್ಕಿಯಲ್ಲ, ಕೆಟ್ಟ ಅಕ್ಕಿಯೂ ಅಲ್ಲ. ಆದರೂ ಇದು ಎಲ್ಲಿಂದ ಬಂತು, ಹೇಗೆ ಬಂತು, ನಮ್ಮ ಪಾಲಿಗಿಂತ ಹೆಚ್ಚೇಕೆ ಎಂದು ಕೇಳದೆ ಪದಾರ್ಥ ಪ್ರಸಾದವಾಗದು ಎಂಬುದು ಆ ತಾಯಿಯ ನಿಲುವು.

ಈ ಪ್ರಶ್ನೆಯನ್ನು ಇಂದು ಜಗತ್ತಿನ ದೊಡ್ಡ ಆಹಾರ ಕಂಪನಿಗಳ ಮುಂದೆಯೂ ಇಡಬೇಕಾಗಿದೆ. ಉದಾಹರಣೆಗೆ ಸ್ವಿಟ್ಜರ್ಲೆಂಡಿನ ನೆಸ್ಲೆ ಕಂಪನಿಯನ್ನೇ ನೋಡೋಣ. ಅದರ ಮ್ಯಾಗಿ, ನೆಸ್ಕೆಫೆ, ಕಿಟ್‌ಕ್ಯಾಟ್ ನಮ್ಮ ಹಳ್ಳಿಯ ಅಂಗಡಿಗಳಲ್ಲೂ ಸಿಗುತ್ತವೆ. ನಮ್ಮ ನಂಜನಗೂಡಿನಲ್ಲಿ 1989ರಿಂದ ಅದರ ಕಾರ್ಖಾನೆಯಿದೆ. ಆದ್ದರಿಂದ ಇದು ದೂರದ ಮಾತಲ್ಲ.

2010ರ ಮಾರ್ಚ್‌ನಲ್ಲಿ ಗ್ರೀನ್‌ಪೀಸ್ ಸಂಸ್ಥೆ ಕಿಟ್‌ಕ್ಯಾಟ್ ವಿರುದ್ಧ ಪ್ರಚಾರ ಆರಂಭಿಸಿತು. ಇಂಡೋನೇಷ್ಯಾದ ಕಾಡು ಕಡಿದು ಬೆಳೆಸಿದ ತಾಳೆಯ ಎಣ್ಣೆ ಈ ಚಾಕೊಲೇಟಿನಲ್ಲಿದೆ, ಅದರಿಂದ ಒರಾಂಗುಟಾನ್ ವಾನರಗಳ ನೆಲೆಯೇ ನಾಶವಾಗುತ್ತಿದೆ ಎಂಬುದು ಆರೋಪ. ಎರಡೇ ತಿಂಗಳಲ್ಲಿ ಕಂಪನಿ ಕಾಡು ಕಡಿದ ಜಾಗದ ಸರಕನ್ನು ಕೊಳ್ಳುವುದಿಲ್ಲವೆಂಬ ನೀತಿ ಪ್ರಕಟಿಸಿತು. 2020ರೊಳಗೆ ಗುರಿ ಮುಟ್ಟುತ್ತೇವೆ ಎಂದಿತು. ಆ ವರ್ಷದ ಕೊನೆಗೆ ಕಂಪನಿಯೇ ಕೊಟ್ಟ ಲೆಕ್ಕದಂತೆ ಮುಖ್ಯ ಸರಕುಗಳಲ್ಲಿ ಸುಮಾರು ಶೇ. 90ರಷ್ಟು ಅರಣ್ಯನಾಶದಿಂದ ಮುಕ್ತವಾಗಿತ್ತು. ಗುರಿ ಪೂರ್ತಿ ಮುಟ್ಟಲಿಲ್ಲ ನಿಜ. ಆದರೆ ಗಿರಾಕಿಗಳು ಕೇಳಿದರೆ ಇಷ್ಟು ದೊಡ್ಡ ಕಂಪನಿಯೂ ಅಲುಗುತ್ತದೆ ಎಂಬುದೂ ಅಷ್ಟೇ ನಿಜ.

ಕೋಕೋ ಬೀಜದ ಕಥೆ ಇದಕ್ಕಿಂತ ಕಠಿಣ. ಜಗತ್ತಿನ ಕೋಕೋದಲ್ಲಿ ಅರ್ಧಕ್ಕಿಂತ ಹೆಚ್ಚು ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ಮತ್ತು ಘಾನಾ ದೇಶಗಳಿಂದ ಬರುತ್ತದೆ. ಅಲ್ಲಿನ ತೋಟಗಳಲ್ಲಿ ಮಕ್ಕಳನ್ನು ಅಪಾಯಕಾರಿ ದುಡಿಮೆಗೆ ಹಚ್ಚುವುದನ್ನು ನಿಲ್ಲಿಸುತ್ತೇವೆ ಎಂದು 2001ರಲ್ಲಿ ನೆಸ್ಲೆ ಸೇರಿದಂತೆ ಪ್ರಮುಖ ಚಾಕೊಲೇಟ್ ಕಂಪನಿಗಳು ಹಾರ್ಕಿನ್-ಎಂಗೆಲ್ ಒಪ್ಪಂದಕ್ಕೆ ಸಹಿ ಹಾಕಿದವು. ಗಡುವು 2005 ಎಂದಿತ್ತು. ಅದು 2008ಕ್ಕೆ, 2010ಕ್ಕೆ, ಕೊನೆಗೆ 2020ಕ್ಕೆ ಹೋಯಿತು. ಆ 2020ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಸಂಶೋಧನಾ ಸಂಸ್ಥೆ ಪ್ರಕಟಿಸಿದ ವರದಿಯ ಪ್ರಕಾರ ಎರಡು ದೇಶಗಳ ಕೋಕೋ ತೋಟಗಳಲ್ಲಿ ಇನ್ನೂ ಸುಮಾರು 15.6 ಲಕ್ಷ ಬಾಲಕಾರ್ಮಿಕರಿದ್ದರು. ಬಾಲ್ಯದಲ್ಲಿ ತಮ್ಮನ್ನು ಬಲವಂತವಾಗಿ ದುಡಿಸಿಕೊಂಡರೆಂದು ಮಾಲಿ ದೇಶದ ಆರು ಮಂದಿ ಹೂಡಿದ್ದ ದಾವೆಯನ್ನು 2021ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಘಟನೆ ನಡೆದದ್ದು ಅಮೆರಿಕದ ಹೊರಗೆ ಎಂಬುದು ಅದಕ್ಕೆ ಕಾರಣ. ದೂರು ನಿಜವೋ ಸುಳ್ಳೋ ಎಂಬುದು ಅಲ್ಲಿ ತೀರ್ಮಾನವಾಗಲೇ ಇಲ್ಲ.

ಹಾಗಾದರೆ ಪೊಟ್ಟಣದ ಮೇಲಿನ ಹಸಿರು ಮುದ್ರೆಗಳಿಗೆ ಏನು ಅರ್ಥ? ತಾಳೆ ಎಣ್ಣೆ ಮತ್ತು ಕೋಕೋ ವ್ಯಾಪಾರದಲ್ಲಿ ಪ್ರಮಾಣ ಸರಿದೂಗಿಸುವ ಪದ್ಧತಿಯೊಂದಿದೆ. ಹತ್ತು ಲಾರಿ ಸರಕಿನಲ್ಲಿ ಎರಡು ಲಾರಿ ಮಾತ್ರ ಪ್ರಮಾಣಪತ್ರ ಪಡೆದ ತೋಟದ್ದು ಎನ್ನಿ. ಹತ್ತನ್ನೂ ಒಂದೇ ತೊಟ್ಟಿಯಲ್ಲಿ ಬೆರೆಸಿ, ಎರಡು ಲಾರಿಯಷ್ಟು ಸರಕನ್ನು ಪ್ರಮಾಣಿತವೆಂದು ಮಾರಬಹುದು. ಇದು ನಿಯಮಬದ್ಧವೇ, ಒಳ್ಳೆಯ ತೋಟದವನಿಗೆ ಇದರಿಂದ ಸ್ವಲ್ಪ ಲಾಭವೂ ಇದೆ. ಆದರೆ ನಿಮ್ಮ ಕೈಯಲ್ಲಿರುವ ತುಂಡು ಯಾರ ತೋಟದ್ದೆಂದು ಆ ಮುದ್ರೆ ಹೇಳಲಾರದು. ಸೇತುವೆಯ ಕಾಂಕ್ರೀಟ್ ಗಟ್ಟಿಯಾಗಿದೆಯೇ ಎಂದು ತಿಳಿಯಲು ಗುತ್ತಿಗೆದಾರನ ಬಿಲ್ಲು ಓದಿದರೆ ಸಾಲದು, ಕ್ಯೂಬ್ ಒಡೆದು ನೋಡಬೇಕು ಎಂಬುದು ಇಂಜಿನಿಯರುಗಳಿಗೆ ಗೊತ್ತು. ಲಾಂಛನ ಧರಿಸಿದ ಮಾತ್ರಕ್ಕೆ ಯಾರೂ ಶರಣರಾಗುವುದಿಲ್ಲ ಎಂಬುದು ನಮಗೂ ಗೊತ್ತು. ಎರಡೂ ಒಂದೇ ಪಾಠ.

ಒಡೆದು ನೋಡಬೇಕಾದ ಜಾಗ ಯಾವುದು? ಬೆಳೆಗಾರನ ಕೈಗೆ ಬೀಳುವ ದುಡ್ಡು. ಕೂಲಿಯಾಳಿಗೆ ಕೊಡಲು ಹಣವಿಲ್ಲದ ತಂದೆ ಮಗನ ಕೈಗೆ ಮಚ್ಚು ಕೊಡುತ್ತಾನೆ. ಮಣ್ಣಿನ ಸಾರ ಇಳಿದಾಗ ಗೊಬ್ಬರಕ್ಕೆ ಕಾಸಿಲ್ಲದೆ ಪಕ್ಕದ ಕಾಡಿಗೆ ನುಗ್ಗುತ್ತಾನೆ. ಮಕ್ಕಳ ದುಡಿಮೆಗೂ ಕಾಡಿನ ನಾಶಕ್ಕೂ ಬಡತನದ ಬೇರು ಒಂದೇ. 2022ರಲ್ಲಿ ನೆಸ್ಲೆ ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಇಟ್ಟಿತು. ಮಕ್ಕಳನ್ನು ಶಾಲೆಗೆ ಕಳಿಸಿ, ಗಿಡ ಸವರಿ, ನೆರಳಿನ ಮರ ನೆಟ್ಟು, ಬೇರೆ ಆದಾಯವನ್ನೂ ಕಂಡುಕೊಳ್ಳುವ ಕುಟುಂಬಕ್ಕೆ ಮೊದಲ ಎರಡು ವರ್ಷ ವರ್ಷಕ್ಕೆ 500 ಸ್ವಿಸ್ ಫ್ರಾಂಕ್‌ವರೆಗೆ ಹಣ. ಅದೂ ಗಂಡ, ಹೆಂಡತಿ ಇಬ್ಬರಿಗೂ ಹಂಚಿ. ತಾಯಿಯ ಕೈಗೆ ಹಣ ಬಂದರೆ ಮಗು ಶಾಲೆಗೆ ಹೋಗುತ್ತದೆ ಎಂಬ ತಿಳಿವಳಿಕೆಯನ್ನು ಒಪ್ಪಲೇಬೇಕು. ಆದರೆ ಇದು ಕಂಪನಿ ಕೊಡುವ ಉತ್ತೇಜನ. ನಿಂತರೆ ನಿಂತೇ ಹೋಯಿತು. ಬೀಜಕ್ಕೆ ನ್ಯಾಯದ ಬೆಲೆ ಸಿಕ್ಕರೆ ಅದು ಕಾಯಕದ ಹಕ್ಕು. ದಾನಕ್ಕೂ ದಾಸೋಹಕ್ಕೂ ಇರುವ ಅಂತರವೂ ಇದೇ.

ಬೇರೆ ದಾರಿ ನಮ್ಮ ಕರಾವಳಿಯಲ್ಲೇ ಇದೆ. 1980ರ ಸುಮಾರಿಗೆ ಕೋಕೋ ಬೆಲೆ ಕುಸಿದು ಖಾಸಗಿ ಖರೀದಿದಾರರು ಹಿಂದೆ ಸರಿದಾಗ, ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊ ಕೋಕೋ ಕೊಳ್ಳಲು ಮುಂದಾಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ಬೆಳೆದವರೇ ಸದಸ್ಯರಾದ ಸಂಸ್ಥೆಯಲ್ಲಿ ಸರಕಿನ ಮೂಲ ಹುಡುಕಲು ಖಂಡಾಂತರ ಹೋಗಬೇಕಿಲ್ಲ.

ಇನ್ನು ನಮ್ಮ ಮನೆಯ ಮಾತು. ಜಗತ್ತಿನಲ್ಲಿ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡಿಕೊಳ್ಳುವ ದೇಶ ಭಾರತ. ಆ ಎಣ್ಣೆ ಬಿಸ್ಕತ್ತಿನಲ್ಲಿದೆ, ಖಾರದಾಣಿಯಲ್ಲಿದೆ. ಪಾಮೊಲಿನ್ ಡಬ್ಬಗಳು ಪ್ರಸಾದ ನಿಲಯಗಳ ಉಗ್ರಾಣಗಳಿಗೂ ಬರುತ್ತವೆ. ಸಾವಿರಾರು ಮಕ್ಕಳಿಗೆ ನಿತ್ಯ ಅಡುಗೆ ಮಾಡುವ ಮಠಗಳಿಗೆ ಅಗ್ಗದ ಎಣ್ಣೆ ಬಿಡುವುದು ಸುಲಭವಲ್ಲ. ಪೂರ್ತಿ ಬಿಡುವುದೇ ಪರಿಹಾರವೂ ಅಲ್ಲ. ಒಂದು ಹೆಕ್ಟೇರ್ ತಾಳೆ ಕೊಡುವಷ್ಟು ಎಣ್ಣೆಯನ್ನು ಶೇಂಗಾ, ಸೂರ್ಯಕಾಂತಿಯಿಂದ ತೆಗೆಯಲು ಹಲವು ಪಟ್ಟು ನೆಲ ಬೇಕು. ಆದರೆ ಕೇಳುವುದಕ್ಕೆ ಖರ್ಚಿಲ್ಲ. ವರ್ಷದ ಖರೀದಿಗೆ ದರಪಟ್ಟಿ ಕರೆಯುವಾಗ ದರದ ಜೊತೆಗೆ ಮೂಲವನ್ನೂ ಬರೆದುಕೊಡಿ ಎಂದು ವರ್ತಕರಿಗೆ ಹೇಳಬಹುದು. ಜಾತ್ರೆ, ಶರಣ ಸಂಗಮಗಳ ಅಡುಗೆಗಾದರೂ ಸುತ್ತಲಿನ ರೈತರ ಗಾಣದ ಶೇಂಗಾ ಎಣ್ಣೆಯನ್ನು ನ್ಯಾಯದ ಬೆಲೆಗೆ ಕೊಳ್ಳಬಹುದು. ಮಠದ ಶಾಲೆಗಳಲ್ಲಿ ಮಕ್ಕಳಿಗೆ ಚಾಕೊಲೇಟ್ ಹಂಚುವ ದಿನ, ಅದನ್ನು ಬೆಳೆದ ಮಕ್ಕಳ ವಿಷಯವನ್ನೂ ಹೇಳಬಹುದು.

ಕಂಪನಿಗಳು ನಮ್ಮ ಭಕ್ತಿಗೆ ಬಗ್ಗುವುದಿಲ್ಲ, ಖರೀದಿಗೆ ಬಗ್ಗುತ್ತವೆ. ನಾಡಿನ ಮಠಗಳ ಒಟ್ಟು ಖರೀದಿ ಸಣ್ಣದಲ್ಲ. ಲಕ್ಕಮ್ಮನವರು ಒಂದು ಮನೆಯ ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಯನ್ನು ಪ್ರತಿಯೊಂದು ದಾಸೋಹದ ಉಗ್ರಾಣದ ಬಾಗಿಲಲ್ಲಿ ಕೇಳುವಂತಾಗಲಿ.