ರಂಜಕದ ಜಾಡು ಮತ್ತು ಚೀಲದ ಲೆಕ್ಕ

ಮುಂಗಾರು ಬಿತ್ತನೆ ಸಮೀಪಿಸಿತೆಂದರೆ ಡಿಎಪಿ ಗೊಬ್ಬರಕ್ಕಾಗಿ ಸಹಕಾರ ಸಂಘಗಳ ಮುಂದೆ ರೈತರು ಸಾಲುಗಟ್ಟುವುದು ರಾಜ್ಯದಲ್ಲಿ ಹೊಸತೇನಲ್ಲ. ರಂಜಕದ ಮಟ್ಟಿಗೆ ಭಾರತ ಬಹುಪಾಲು ಆಮದನ್ನೇ ನೆಚ್ಚಿಕೊಂಡಿದೆ. 2021ರಲ್ಲಿ ಚೀನಾ ರಫ್ತಿಗೆ ಕಡಿವಾಣ ಹಾಕತೊಡಗಿದ ಮೇಲಂತೂ ಪೂರೈಕೆಯ ಆತಂಕ ಹೆಚ್ಚಿದೆ. ಆದರೆ ಎಷ್ಟು ಚೀಲ ಬಂತೆಂಬ ಲೆಕ್ಕದ ಗದ್ದಲದಲ್ಲಿ, ಮಣ್ಣಿಗೆ ಬಿದ್ದ ರಂಜಕ ಎಲ್ಲಿ ಹೋಗುತ್ತದೆಂಬ ಪ್ರಶ್ನೆ ಮರೆಯಾಗಿದೆ.

ಈ ಪ್ರಶ್ನೆಗೆ ವಿಜ್ಞಾನ ಉತ್ತರ ಕಂಡುಕೊಂಡು ದಶಕಗಳೇ ಸಂದಿವೆ. ಸಸ್ಯಗಳು ಸೀಸವನ್ನು ಹೀರುವ ಬಗೆಯನ್ನು ಜಾರ್ಜ್ ಡಿ ಹೆವೆಸಿ 1923ರಲ್ಲಿ ವಿಕಿರಣಶೀಲ ಪರಮಾಣುಗಳ ನೆರವಿನಿಂದ ಗುರುತಿಸಿದರು. ಈ ಟ್ರೇಸರ್ ವಿಧಾನಕ್ಕಾಗಿಯೇ ಅವರಿಗೆ 1943ರ ನೊಬೆಲ್ ಪ್ರಶಸ್ತಿ ಸಂದಿತು. ಮುಂದೆ ರಂಜಕ-32 ಬೆರೆಸಿದ ಗೊಬ್ಬರವನ್ನು ಪ್ರಯೋಗದ ತಾಕುಗಳಿಗೆ ಹಾಕಿ, ಬೆಳೆದ ಗಿಡದ ವಿಕಿರಣವನ್ನು ಅಳೆಯಲಾಯಿತು. ಗಿಡದಲ್ಲಿರುವ ರಂಜಕದ ಎಷ್ಟು ಪಾಲು ಗೊಬ್ಬರದ್ದು, ಎಷ್ಟು ಮಣ್ಣಿನದೇ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಇದರ ಅರ್ಧಾಯುಷ್ಯ 14.3 ದಿನ ಮಾತ್ರ. ಐದು ತಿಂಗಳಲ್ಲಿ ವಿಕಿರಣ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ.

ಇಂಥ ಪ್ರಯೋಗಗಳು ತಿಳಿಸಿದ್ದೇನು? ಹಾಕಿದ ರಂಜಕದಲ್ಲಿ ಮೊದಲ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ಶೇ. 10ರಿಂದ 25 ಮಾತ್ರ. ಕೆಂಪು ಮಣ್ಣು ಹಾಗೂ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಅದನ್ನು ಹಿಡಿದಿಟ್ಟುಕೊಳ್ಳುತ್ತವೆ. ಸುಣ್ಣಾಂಶವಿರುವ ಎರೆ ಭೂಮಿಯಲ್ಲಿ ಕ್ಯಾಲ್ಸಿಯಂ ಆ ಕೆಲಸ ಮಾಡುತ್ತದೆ. ಸಾರಜನಕದಂತೆ ರಂಜಕ ನೀರಿನೊಡನೆ ಸುಲಭವಾಗಿ ಹರಿಯದು. ಅದರ ಚಲನೆ ಕೆಲವು ಮಿಲಿಮೀಟರ್‌ಗಳಷ್ಟೇ. ಆದ್ದರಿಂದ ಮಳೆಯಾಶ್ರಿತ ಹೊಲದಲ್ಲಿ ಮೇಲೆ ಎರಚಿದ ಗೊಬ್ಬರ ಬೇರಿಗೆ ಎಟುಕುವುದು ಕಡಿಮೆ. ಕೂರಿಗೆಯಿಂದ ಬೀಜದ ಪಕ್ಕದಲ್ಲಿ, ತುಸು ಕೆಳಗೆ ಬೀಳಿಸಿದರೆ ಫಲ ಹೆಚ್ಚು.

ಬೆಳೆಗೆ ದಕ್ಕದ ರಂಜಕ ಪೂರ್ತಿ ನಷ್ಟವಾಯಿತೆಂದಲ್ಲ. ಅದರಲ್ಲಿ ಹೆಚ್ಚಿನ ಪಾಲು ಹೊಲದಲ್ಲೇ ಉಳಿದು, ನಿಧಾನವಾಗಿ ಮುಂದಿನ ಬೆಳೆಗಳಿಗೆ ಒದಗುತ್ತದೆ. ವರ್ಷಗಟ್ಟಲೆ ಡಿಎಪಿ ಸುರಿದ ಹೊಲಕ್ಕೆ ಈ ಸಲವೂ ಅಷ್ಟೇ ಬೇಕೇ ಎಂಬುದನ್ನು ಮಣ್ಣು ಪರೀಕ್ಷೆ ಹೇಳಬಲ್ಲದು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯ ಆಶಯವೂ ಇದೇ. ಆದರೆ ಆ ಕಾರ್ಡಿನ ಸಲಹೆಗೂ ಅಂಗಡಿಯಲ್ಲಿ ರೈತ ಕೊಳ್ಳುವ ಚೀಲಕ್ಕೂ ನಂಟು ಬೆಸೆಯದಿದ್ದರೆ ಅದು ಬರಿಯ ಕಾಗದವಾದೀತು.

ಸಹಾಯಧನದ ಹಣ ಚೀಲದ ಮೇಲೆ ಸುರಿಯುತ್ತಲೇ ಇದೆ. ಅದರ ಅಲ್ಪಾಂಶವನ್ನಾದರೂ ಕೂರಿಗೆ ಯಂತ್ರಗಳಿಗೆ, ಮಣ್ಣು ಪರೀಕ್ಷೆಗೆ, ಹಳ್ಳಿಗೆ ಹೋಗಿ ತಿಳಿಹೇಳುವ ಸಿಬ್ಬಂದಿಗೆ ತಿರುಗಿಸಿದರೆ ರೈತನ ಖರ್ಚೂ ದೇಶದ ವಿದೇಶಿ ವಿನಿಮಯವೂ ಉಳಿದಾವು. ಸರ್ಕಾರ ಈ ಬಗ್ಗೆ ಯೋಚಿಸಬೇಕಾದ್ದು ಮುಂದಿನ ಮುಂಗಾರಿಗೆ ಮೊದಲೇ, ಸಾಲು ಬೆಳೆದ ಮೇಲಲ್ಲ.